ಮಾತು ಶುರುವಾಗುವುದೇ ಅರ್ಧ ಗಂಟೆಯ ಮೇಲೆ: ಫೋನಿನಲ್ಲಿ ಉದ್ದದ ವಿಡಿಯೊ ಮಾಡುವ ಬಗೆ

ಪುರಸೈವಾಕ್ಕಂನ ಕನ್ನಡದ ಮನೆಗಳಲ್ಲಿ ವಿಡಿಯೊಗಳಿಗೇನೂ ಬರವಿಲ್ಲ. ಮಗುವಿನ ಮೊದಲ ಹೆಜ್ಜೆ, ಶಾಲೆಯ ವಾರ್ಷಿಕೋತ್ಸವದ ಕುಣಿತ, ಗೌರಿ ಹಬ್ಬದ ಮಂಟಪ, ತಾತನ ಎಂಬತ್ತರ ಶಾಂತಿಯ ದಿನ ಎಲೆ ಹಾಕಿದ ಊಟದ ಸಾಲು. ಒಂದೊಂದು ಫೋನಿನಲ್ಲೂ ನೂರಾರು ತುಣುಕುಗಳಿವೆ. ಹೆಚ್ಚಿನವು ಒಂದು ನಿಮಿಷದೊಳಗೇ ಮುಗಿಯುತ್ತವೆ. ಆದರೆ ಅದೇ ತಾತ ಕುರ್ಚಿಯಲ್ಲಿ ಕೂತು ಒಂದು ಗಂಟೆ ಮಾತನಾಡಿದ್ದು ಯಾರ ಫೋನಿನಲ್ಲಾದರೂ ಇದೆಯೇ ಎಂದು ಕೇಳಿ ನೋಡಿ. ನಾನು ವಿಚಾರಿಸಿದ ಹತ್ತು ಹನ್ನೆರಡು ಮನೆಗಳಲ್ಲಿ ಇದ್ದದ್ದು ಒಂದರಲ್ಲಿ ಮಾತ್ರ.

ಇದು ಆಸಕ್ತಿಯ ಕೊರತೆಯಲ್ಲ. ಉದ್ದದ ವಿಡಿಯೊ ಮಾಡುವುದು ತುಣುಕು ಹಿಡಿದಷ್ಟು ಸುಲಭವಲ್ಲ. ನಡುವೆ ಫೋನ್ ಬಿಸಿಯಾಗುತ್ತದೆ, ಕರೆ ಬರುತ್ತದೆ, ಜಾಗ ತುಂಬುತ್ತದೆ. ಒಮ್ಮೆ ಕೆಟ್ಟ ಅನುಭವವಾದವರು ಮತ್ತೆ ಆ ಗೋಜಿಗೆ ಹೋಗುವುದಿಲ್ಲ. ಆದರೆ ಈ ಅಡ್ಡಿಗಳಲ್ಲಿ ಒಂದೊಂದಕ್ಕೂ ಕಾರಣವಿದೆ, ಕಾರಣ ಗೊತ್ತಾದರೆ ಉಪಾಯವೂ ಇದೆ. ಅದನ್ನು ತಿಳಿಸುವುದು ಈ ಬರಹದ ಉದ್ದೇಶ.

ಯಾಕೆ ಈಗಲೇ?

ಮುತ್ತುಗದ ಮರಕ್ಕೆ ತಮಿಳಿನಲ್ಲಿ ಪುರಸು ಎನ್ನುತ್ತಾರೆ. ನಮ್ಮ ಬಡಾವಣೆಗೆ ಹೆಸರು ಬಂದದ್ದು ಆ ಮರದಿಂದ. ಈಗ ಇಲ್ಲಿ ಮುತ್ತುಗ ಹುಡುಕಬೇಕು. ಹಾಗೆಯೇ, ಇಲ್ಲಿಗೆ ಬಂದು ನೆಲೆಸಿದ ಮೊದಲ ತಲೆಮಾರಿನ ಕನ್ನಡಿಗರನ್ನೂ ಹುಡುಕಬೇಕಾದ ಕಾಲ ಬಂದಿದೆ.

ಅವರು ಬಂದ ದಾರಿಗಳು ಬೇರೆಬೇರೆ. ಉಡುಪಿ, ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರಿದ್ದಾರೆ. 1951ರಲ್ಲಿ ಮೈಸೂರು ಸ್ಟೇಟ್ ರೈಲ್ವೆಯೂ ಸೇರಿ ಮೂರು ರೈಲ್ವೆಗಳು ಕೂಡಿ ದಕ್ಷಿಣ ರೈಲ್ವೆ ಆಯಿತು. 1955ರಲ್ಲಿ ಪೆರಂಬೂರಿನಲ್ಲಿ ರೈಲು ಬೋಗಿ ಕಾರ್ಖಾನೆ, ಅಂದರೆ ಐಸಿಎಫ್, ತೆರೆಯಿತು. ಆ ಕೆಲಸಗಳ ನಂಟಿನಿಂದ ಬಂದ ಮನೆತನಗಳಿವೆ. ಮದುವೆಯಾಗಿ ಬಂದು ಇಲ್ಲಿಯವರೇ ಆದ ಹೆಂಗಸರಿದ್ದಾರೆ. ಅವರ ನೆನಪಿನ ಮದರಾಸು ಬಹುಪಾಲು ಈಗಿಲ್ಲ. ಪೂನಮಲ್ಲಿ ಹೈರೋಡಿನ ದಾಸಪ್ರಕಾಶ ಹೋಟೆಲಿನ ಕಟ್ಟಡ ಹೋಯಿತು. ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಮುಚ್ಚಿ, 2010ರಲ್ಲಿ ಆ ಜಾಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಯಿತು. ಅಂಥ ಹೋಟೆಲುಗಳ ಫೋಟೊ ಸಿಗುತ್ತದೆ. ಅಡುಗೆಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ಏನು ನಡೆಯುತ್ತಿತ್ತು, ಊರಿಗೆ ಹೋಗಲು ಯಾರು ರಜೆ ಕೊಡುತ್ತಿದ್ದರು, ಸಂಬಳದಲ್ಲಿ ಎಷ್ಟು ಮನಿಯಾರ್ಡರ್ ಆಗುತ್ತಿತ್ತು ಎಂಬುದು ಫೋಟೊದಲ್ಲಿ ಸಿಗುವುದಿಲ್ಲ. ಅದು ಕೆಲವರ ತಲೆಯಲ್ಲಿ ಮಾತ್ರ ಇದೆ.

ಇನ್ನೊಂದು ಮಾತೂ ಇದೆ. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಅಜ್ಜಿ ಬರೆದಿಟ್ಟ ಪುಸ್ತಕ ಅವರು ಓದಲಾರರು. ಅಜ್ಜಿಯ ಮಾತಾದರೆ ಕೇಳಬಲ್ಲರು.

ಉದ್ದ ಯಾಕೆ ಬೇಕು?

ನಮ್ಮ ಪಕ್ಕದ ಬೀದಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ, ಕುಂದಾಪುರದ ಕಡೆಯವರು. ಅವರ ಮೊಮ್ಮಗಳೂ ನಾನೂ ಮೂರು ಭಾನುವಾರ ಕೂತು ಅವರ ಮಾತು ವಿಡಿಯೊ ಮಾಡಿದೆವು, ಒಟ್ಟು ನಾಲ್ಕು ಗಂಟೆ. ಮೊದಲ ದಿನದ ಮೊದಲ ಅರ್ಧ ಗಂಟೆ ನೋಡಿದರೆ ಪತ್ರಿಕಾ ಸಂದರ್ಶನದಂತಿದೆ. ಹುಟ್ಟಿದ ಊರು, ಮದುವೆ, ಮಕ್ಕಳು, ಎಲ್ಲ ದೇವರ ದಯೆ. ಪುಸ್ತಕದಂಥ ಕನ್ನಡ, ನೆಟ್ಟಗೆ ಕೂತ ಬೆನ್ನು.

ಮೂವತ್ತೈದನೆಯ ನಿಮಿಷದ ಹೊತ್ತಿಗೆ ಕಾಫಿ ಬಂತು. ಅವರು ಫೋನನ್ನು ಮರೆತರು. ಅಡಿಪಂಪಿನ ಮುಂದೆ ರಾತ್ರಿ ಕೊಡ ಸಾಲಿಟ್ಟು ಕಾದದ್ದು, 1965ರ ಹಿಂದಿ ವಿರೋಧಿ ಚಳವಳಿಯಲ್ಲಿ ಯಜಮಾನರು ಮನೆಗೆ ಬರುವುದು ತಡವಾದ ದಿನ, ಮಂಗಳೂರು ಮೇಲಿನಲ್ಲಿ ಊರಿಂದ ಬಂದ ಹಲಸಿನಹಣ್ಣನ್ನು ವಠಾರದ ಏಳು ಮನೆಗೆ ಪಾಲು ಹಾಕಿದ್ದು, ಎಲ್ಲವೂ ಒಂದರ ಹಿಂದೊಂದು ಬಂದವು. ಭಾಷೆಯೂ ಬದಲಾಯಿತು. ‘ಹೋಗಬೇಕು, ಬರಬೇಕು’ ಹೋಗಿ ‘ಹೋಯ್ಕ್, ಬರ್ಕ್’ ಬಂತು. ನಡುನಡುವೆ ‘ಅಪ್ಪುರಂ’ ಎಂದು ತಮಿಳು ಸೇರಿತು. ಕುಂದಾಪ್ರ ಕನ್ನಡಕ್ಕೆ ಮದರಾಸಿನ ತಮಿಳು ಬೆರೆತ ಆ ಮಾತು ಯಾವ ನಿಘಂಟಿನಲ್ಲೂ ಇಲ್ಲ. ಮೊಮ್ಮಗಳು ಅದನ್ನು ಅಷ್ಟು ಹೊತ್ತು ಒಂದೇ ಸಮನೆ ಕೇಳಿದ್ದು ಅದೇ ಮೊದಲು. ಐದು ನಿಮಿಷಕ್ಕೆ ನಿಲ್ಲಿಸಿದ್ದರೆ ನಮಗೆ ಸಿಗುತ್ತಿದ್ದದ್ದು ದೇವರ ದಯೆಯಷ್ಟೇ.

ಹಿಂದಿನವರಿಗೆ ಈ ಉದ್ದ ಕೈಗೆಟುಕುತ್ತಿರಲಿಲ್ಲ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ; ಗಂಟೆಗಟ್ಟಲೆ ಹಾಡುವ ವಿದ್ವಾಂಸರೂ ಅಷ್ಟರಲ್ಲೇ ಮುಗಿಸಬೇಕಿತ್ತು. ಕನ್ನಡ ಚಿತ್ರಗಳು ಇದೇ ಮದರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ 35 ಎಂಎಂ ಕ್ಯಾಮೆರಾಗೆ ಸಾವಿರ ಅಡಿಯ ರೀಲು ಹಾಕಿದರೆ ಓಡುತ್ತಿದ್ದದ್ದು ಸುಮಾರು 11 ನಿಮಿಷ. ಆಮೇಲಿನ ಸಿ-60 ಕ್ಯಾಸೆಟ್ಟಿಗೆ ಮಗ್ಗುಲಿಗೆ ಅರ್ಧ ಗಂಟೆ. ನಮ್ಮ ಜೇಬಿನಲ್ಲಿರುವ ಸಾಧನ ಇವೆಲ್ಲವನ್ನೂ ಮೀರಿಸಿದೆ. ಆದರೆ ಅದರ ಸೆಟ್ಟಿಂಗುಗಳು ತುಣುಕು ಹಿಡಿಯುವವರನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಉದ್ದಕ್ಕೆ ಅವನ್ನು ನಾವು ಸಜ್ಜು ಮಾಡಿಕೊಳ್ಳಬೇಕು.

ಜಾಗದ ಲೆಕ್ಕ

ಮೊದಲ ಪ್ರಶ್ನೆ: ಒಂದು ಗಂಟೆಗೆ ಎಷ್ಟು ಜಿಬಿ ಬೇಕು? ಅದು ನೀವು ಆರಿಸುವ ಗುಣಮಟ್ಟದ ಮೇಲೆ ಹೋಗುತ್ತದೆ. ಐಫೋನಿನಲ್ಲಿ ಎಚ್‌ಇವಿಸಿ ವಿಧಾನ ಇಟ್ಟರೆ 1080ಪಿ, ಸೆಕೆಂಡಿಗೆ 30 ಚೌಕಟ್ಟಿಗೆ ನಿಮಿಷಕ್ಕೆ ಸುಮಾರು 60 ಎಂಬಿ, ಅಂದರೆ ಗಂಟೆಗೆ 3.6 ಜಿಬಿ. 4ಕೆ, 30 ಚೌಕಟ್ಟಿಗೆ ನಿಮಿಷಕ್ಕೆ ಸುಮಾರು 170 ಎಂಬಿ, ಗಂಟೆಗೆ 10 ಜಿಬಿ. 4ಕೆ, 60 ಚೌಕಟ್ಟಾದರೆ ನಿಮಿಷಕ್ಕೆ 400 ಎಂಬಿ, ಗಂಟೆಗೆ 24 ಜಿಬಿ. ಹಳೆಯ ಎಚ್.264 ವಿಧಾನದಲ್ಲಿ 1080ಪಿ ಹಿಡಿಯುವ ಆಂಡ್ರಾಯ್ಡ್ ಫೋನುಗಳು ಗಂಟೆಗೆ ಏಳೆಂಟು ಜಿಬಿ ತಿನ್ನುವುದುಂಟು.

ನಿಮ್ಮ ಫೋನಿನ ಲೆಕ್ಕ ತಿಳಿಯಲು ಸುಲಭದ ದಾರಿ ಇದು: ಅದೇ ಕೋಣೆಯಲ್ಲಿ, ಅದೇ ಬೆಳಕಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿ, ಫೈಲಿನ ಗಾತ್ರ ನೋಡಿ, ಅರವತ್ತರಿಂದ ಗುಣಿಸಿ. ಬಂದದ್ದರ ಎರಡರಷ್ಟು ಜಾಗ ಖಾಲಿ ಇಟ್ಟುಕೊಂಡು ಕೂತರೆ ನಿಶ್ಚಿಂತೆ.

ಕೂತು ಮಾತನಾಡುವವರ ವಿಡಿಯೊಗೆ 1080ಪಿ ಧಾರಾಳ ಸಾಕು. ಮಾತಿನಲ್ಲಿ ಓಟ, ಜಿಗಿತ ಇಲ್ಲವಾದ್ದರಿಂದ 60 ಚೌಕಟ್ಟು ಬೇಡವೇ ಬೇಡ. 4ಕೆ ಎಂಬ ಆಸೆಗೆ ಬಿದ್ದರೆ ಜಾಗವೂ ಹೋಗುತ್ತದೆ, ಫೋನೂ ಬೇಗ ಕಾಯುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ 4ಕೆಗೆ ಐದೋ ಹತ್ತೋ ನಿಮಿಷದ ಮಿತಿಯೂ ಇದೆ.

‘ಫೋನ್ ಯಾಕೆ, ಒಳ್ಳೆಯ ಕ್ಯಾಮೆರಾನೇ ತರೋಣ’ ಎನ್ನುವವರಿಗೆ ಒಂದು ಸೂಚನೆ. ಹಿಂದಿನ ಅನೇಕ ಡಿಜಿಟಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಲ್ಲುತ್ತವೆ. ಯುರೋಪಿನಲ್ಲಿ 30 ನಿಮಿಷ ದಾಟಿ ವಿಡಿಯೊ ಮಾಡುವ ಸಾಧನವನ್ನು ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚಿನ ಸುಂಕ ಹಾಕುತ್ತಿದ್ದರು. ಅದರಿಂದ ತಪ್ಪಿಸಿಕೊಳ್ಳಲು ಕಂಪನಿಗಳು ಇಟ್ಟ ಮಿತಿ ಅದು.

ಇಪ್ಪತ್ತೈದು ನಿಮಿಷಕ್ಕೊಮ್ಮೆ ನಿಲ್ಲಿಸಿ

ಈ ಬರಹದಲ್ಲಿ ಒಂದೇ ಸಲಹೆ ನೆನಪಿಡುವುದಾದರೆ ಇದನ್ನು ಇಡಿ. ಎರಡು ಗಂಟೆಯನ್ನು ಒಂದೇ ಫೈಲಾಗಿ ಮಾಡಬೇಡಿ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ನಿಲ್ಲಿಸಿ, ತಕ್ಷಣ ಮತ್ತೆ ಶುರು ಮಾಡಿ.

ಕಾರಣ ಇದು. ಎಂಪಿ4 ಫೈಲನ್ನು ಒಂದು ಪುಸ್ತಕ ಎಂದುಕೊಳ್ಳಿ. ವಿಡಿಯೊ ಆಗುತ್ತಿದ್ದಂತೆ ಪುಟಗಳು ಸೇರುತ್ತಾ ಹೋಗುತ್ತವೆ. ಯಾವ ಚೌಕಟ್ಟು, ಯಾವ ಧ್ವನಿ ಎಲ್ಲಿದೆ ಎಂದು ಹೇಳುವ ಪರಿವಿಡಿಯನ್ನು ಮಾತ್ರ ಹಲವು ಫೋನುಗಳು ನೀವು ನಿಲ್ಲಿಸುವ ಗುಂಡಿ ಒತ್ತಿದ ಮೇಲೆ, ಕೊನೆಯಲ್ಲಿ ಬರೆಯುತ್ತವೆ. ನಡುವೆ ಫೋನ್ ಹಠಾತ್ತನೆ ಆರಿದರೆ, ಕ್ಯಾಮೆರಾ ಆ್ಯಪ್ ಕುಸಿದರೆ, ಪುಟಗಳೆಲ್ಲ ಇದ್ದರೂ ಪರಿವಿಡಿ ಇರುವುದಿಲ್ಲ. ಫೈಲಿನ ಗಾತ್ರ ಐದು ಜಿಬಿ ಎಂದು ತೋರಿಸುತ್ತದೆ, ಆದರೆ ತೆರೆಯುವುದಿಲ್ಲ. ನಮ್ಮ ಪರಿಚಯದ ಕುಟುಂಬವೊಂದು ಷಷ್ಟ್ಯಬ್ದಿಯ ದಿನ ಹಿರಿಯರೆಲ್ಲ ಮಾತನಾಡಿದ ಒಂದೂವರೆ ಗಂಟೆಯನ್ನು ಹೀಗೇ ಕಳೆದುಕೊಂಡಿತು. ಆ ದಿನ ಮಾತನಾಡಿದವರಲ್ಲಿ ಇಬ್ಬರು ಈಗಿಲ್ಲ.

ಇಂಥ ಫೈಲು ನಿಮ್ಮಲ್ಲಿದ್ದರೆ ಅಳಿಸಬೇಡಿ. ಅದೇ ಫೋನಿನಲ್ಲಿ ಅದೇ ಸೆಟ್ಟಿಂಗಿನಲ್ಲಿ ಮಾಡಿದ ಇನ್ನೊಂದು ಸರಿಯಾದ ವಿಡಿಯೊವನ್ನು ಮಾದರಿಯಾಗಿ ಕೊಟ್ಟರೆ ಪರಿವಿಡಿಯನ್ನು ಹೊಸದಾಗಿ ಕಟ್ಟುವ ‘ಅನ್‌ಟ್ರಂಕ್’ ಎಂಬ ಉಚಿತ ತಂತ್ರಾಂಶ ಇದೆ. ಪ್ರತಿಸಲ ಗೆಲ್ಲುತ್ತದೆಂದಲ್ಲ, ಆದರೆ ಪ್ರಯತ್ನಕ್ಕೆ ಯೋಗ್ಯ.

ಬಿಡಿಬಿಡಿಯಾಗಿ ಮಾಡಿದರೆ ಇನ್ನೊಂದು ಲಾಭ. ಎಫ್‌ಎಟಿ32 ಎಂಬ ಹಳೆಯ ವ್ಯವಸ್ಥೆಯ ಪೆನ್‌ಡ್ರೈವ್, ಕಾರ್ಡುಗಳಲ್ಲಿ 4 ಜಿಬಿ ಮೀರಿದ ಫೈಲು ಹಿಡಿಯುವುದೇ ಇಲ್ಲ. ಊರಿನ ಸೋದರಮಾವನ ಟಿವಿಗೆ ಪೆನ್‌ಡ್ರೈವ್ ಕಳಿಸುವಾಗ ಇದು ಅಡ್ಡ ಬರುತ್ತದೆ. ಜೊತೆಗೆ, ನಿಲ್ಲಿಸಿದ ಆ ಅರ್ಧ ನಿಮಿಷದಲ್ಲಿ ಹಿರಿಯರು ನೀರು ಕುಡಿಯಬಹುದು, ನೀವು ಬ್ಯಾಟರಿ ನೋಡಬಹುದು.

ಕರೆಗಳ ವಿಷಯ ಎಲ್ಲರಿಗೂ ಗೊತ್ತು, ಆದರೂ ಮರೆಯುತ್ತಾರೆ. ಶುರು ಮಾಡುವ ಮುನ್ನ ಏರೋಪ್ಲೇನ್ ಮೋಡ್ ಹಾಕಿ, ವೈಫೈಯನ್ನೂ ಆರಿಸಿ. ಇಲ್ಲದಿದ್ದರೆ ವಾಟ್ಸ್ಆ್ಯಪ್ ಕರೆ ಬಂದೇ ಬರುತ್ತದೆ. ಬೆಳಗಿನ ಅಲಾರಂ ಇದ್ದರೆ ಅದನ್ನೂ ತೆಗೆಯಿರಿ.

ಚೆನ್ನೈನ ಸೆಕೆ, ಫ್ಯಾನಿನ ಸದ್ದು

ಐಫೋನನ್ನು ಸುತ್ತಲಿನ ಉಷ್ಣಾಂಶ 35 ಡಿಗ್ರಿ ಮೀರದ ಕಡೆ ಬಳಸಿ ಎಂದು ತಯಾರಕರೇ ಹೇಳುತ್ತಾರೆ. ಮೇ ತಿಂಗಳ ಚೆನ್ನೈಯಲ್ಲಿ ಮಹಡಿ ಮೇಲಿನ ಕೋಣೆ ಅದನ್ನು ಬೆಳಗಿನ ಹತ್ತಕ್ಕೇ ದಾಟುತ್ತದೆ. ವಿಡಿಯೊ ಮಾಡುವಾಗ ಫೋನಿನ ಚಿಪ್ಪು, ಪರದೆ, ಬ್ಯಾಟರಿ ಮೂರೂ ಕೆಲಸ ಮಾಡುತ್ತಿರುತ್ತವೆ. ಜೊತೆಗೆ ಫಾಸ್ಟ್ ಚಾರ್ಜರ್ ಸಿಕ್ಕಿಸಿದರೆ ಇನ್ನಷ್ಟು ಬಿಸಿ. ಒಂದು ಹಂತದಲ್ಲಿ ಫೋನ್ ತನ್ನನ್ನು ತಾನು ಉಳಿಸಿಕೊಳ್ಳಲು ವಿಡಿಯೊ ನಿಲ್ಲಿಸುತ್ತದೆ.

ಹಾಗಾಗಿ ಫೋನಿನ ಕವರ್ ತೆಗೆಯಿರಿ. ಪರದೆಯ ಬೆಳಕು ಕಡಿಮೆ ಮಾಡಿ. ಪೂರ್ತಿ ಚಾರ್ಜ್ ಮಾಡಿಕೊಂಡು ಕೂತು, ಬೇಕೇ ಬೇಕಾದರೆ ನಿಧಾನದ ಹಳೆಯ ಚಾರ್ಜರ್ ಹಾಕಿ. ಬಿಸಿಲು ಬೀಳುವ ಕಿಟಕಿ ಪಕ್ಕ, ದೀಪದ ಪಕ್ಕ ಇಡಬೇಡಿ.

ಮುಂದಿನ ತೊಡಕು ಫ್ಯಾನ್. ಅದನ್ನು ಆರಿಸಿದರೆ ಅಜ್ಜಿ ಬೆವರುತ್ತಾರೆ, ಹಾಕಿದರೆ ಮಾತಿನ ಮೇಲೆ ಗಾಳಿಯ ಸದ್ದು. ಬೆವರಿನಲ್ಲಿ ಯಾರೂ ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ, ಫ್ಯಾನ್ ಇರಲಿ. ಸದ್ದಿಗೆ ಮದ್ದು ಮೈಕನ್ನು ಬಾಯಿಯ ಹತ್ತಿರ ತರುವುದು. ಏಳೆಂಟು ಅಡಿ ದೂರದ ಫೋನಿಗೆ ಫ್ಯಾನೂ ಮಾತೂ ಹೆಚ್ಚುಕಡಿಮೆ ಸಮ; ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ ಮೈಕಿಗೆ ಮಾತೇ ದೊಡ್ಡದು. ಕಾಲರ್ ಮೈಕ್ ಇಲ್ಲದಿದ್ದರೆ ಮನೆಯಲ್ಲಿರುವ ಎರಡನೆಯ ಫೋನನ್ನು ವಾಯ್ಸ್ ರೆಕಾರ್ಡರ್ ಮಾಡಿ ತಾತನ ಅಂಗಿ ಜೇಬಿನಲ್ಲೋ, ಅಜ್ಜಿಯ ತೊಡೆಯ ಮೇಲೋ ಇಡಿ. ಎರಡೂ ಶುರುವಾದ ಮೇಲೆ ಕ್ಯಾಮೆರಾದ ಎದುರು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸುವಾಗ ಆ ಚಪ್ಪಾಳೆಯೇ ಗುರುತು. ಫೋನುಗಳು ಚೌಕಟ್ಟಿನ ವೇಗವನ್ನು ಕೊಂಚ ಹೆಚ್ಚುಕಡಿಮೆ ಮಾಡುತ್ತಿರುತ್ತವೆ, ಅದರಿಂದ ಉದ್ದದ ವಿಡಿಯೊದಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಬಹುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ವೇಗಕ್ಕೆ ಬದಲಿಸಿಕೊಂಡು ಜೋಡಿಸಿದರೆ ಸರಿಹೋಗುತ್ತದೆ.

ಎರಡನೆಯ ಫೋನ್ ಇನ್ನೊಂದು ರೀತಿಯಲ್ಲೂ ಕಾಪಾಡುತ್ತದೆ. ವಿಡಿಯೊ ಕೆಟ್ಟರೂ ಮಾತು ಉಳಿಯುತ್ತದೆ. ಒಂದು ಗಂಟೆಯ ಧ್ವನಿಗೆ ಸಾಧಾರಣ ಗುಣಮಟ್ಟದಲ್ಲಿ ಬೇಕಾಗುವುದು 60 ಎಂಬಿ, ಒಂದು ನಿಮಿಷದ ವಿಡಿಯೊದಷ್ಟು.

ಪುರಸೈವಾಕ್ಕಂ ಹೈರೋಡಿನ ಗಲಾಟೆ ಗೊತ್ತೇ ಇದೆ. ಜವಳಿ ಅಂಗಡಿಗಳ ಜನಜಂಗುಳಿ, ಅದರ ಮೇಲೆ ಮೆಟ್ರೊ ಕಾಮಗಾರಿ. ದೀಪಾವಳಿ, ಪೊಂಗಲ್ ಮುಂಚಿನ ವಾರಗಳಲ್ಲಂತೂ ಕೇಳುವುದೇ ಬೇಡ. ಭಾನುವಾರ ಬೆಳಗ್ಗೆ ಆರೂವರೆಯಿಂದ ಎಂಟೂವರೆ ಒಳ್ಳೆಯ ಹೊತ್ತು. ಬಿಸಿಲೂ ಇಲ್ಲ, ಹಾರ್ನೂ ಕಡಿಮೆ, ಹಿರಿಯರಿಗೂ ಹುರುಪು. ರಸ್ತೆಯ ಕಡೆಯ ಕೋಣೆ ಬಿಟ್ಟು ಒಳಕೋಣೆ ಆರಿಸಿ. ಬಟ್ಟೆ, ಹಾಸಿಗೆ ಇರುವ ಕೋಣೆಯಲ್ಲಿ ಮಾತು ಮೊಳಗುವುದಿಲ್ಲ. ಕುಕ್ಕರನ್ನು ಒಲೆಯಿಂದ ಇಳಿಸಿ. ಫ್ರಿಜ್ಜಿನ ಸದ್ದು ಕೇಳುತ್ತಿದ್ದರೆ ಅದನ್ನು ಆರಿಸಿ, ನಿಮ್ಮ ಗಾಡಿಯ ಕೀಯನ್ನು ಫ್ರಿಜ್ಜಿನೊಳಗೆ ಇಡಿ. ಮನೆಗೆ ಹೊರಡುವಾಗ ಕೀ ಹುಡುಕಲೇಬೇಕಲ್ಲ, ಆಗ ಫ್ರಿಜ್ ಹಾಕುವುದು ಮರೆಯುವುದಿಲ್ಲ.

ಪಟ್ಟೆಪಟ್ಟೆ ಬೆಳಕು

ಕೆಲವು ವಿಡಿಯೊಗಳಲ್ಲಿ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಹರಿಯುವುದನ್ನು ನೋಡಿರುತ್ತೀರಿ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು, ಅದರಿಂದ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಸೆಕೆಂಡಿಗೆ 30 ಚೌಕಟ್ಟು ಎಂಬುದು 60 ಹರ್ಟ್ಸ್ ವಿದ್ಯುತ್ತಿನ ಅಮೆರಿಕಕ್ಕೆ ಹೊಂದುವ ಲೆಕ್ಕ. ಎರಡಕ್ಕೂ ಮೇಳ ಕೂಡದೆ ಪಟ್ಟೆ ಬರುತ್ತದೆ. ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ‘ಪಾಲ್’ ವಿಧಾನಗಳನ್ನು ತೋರಿಸುವ ಆಯ್ಕೆ ಇದೆ. ಅದನ್ನು ಹಾಕಿ 25 ಚೌಕಟ್ಟು ಆರಿಸಿ. ಕೆಲವು ಆಂಡ್ರಾಯ್ಡ್‌ಗಳಲ್ಲಿ 50 ಹರ್ಟ್ಸ್ ಎಂಬ ಆಯ್ಕೆಯೇ ಇರುತ್ತದೆ. ಯಾವುದೂ ಸಿಗದಿದ್ದರೆ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ. ಕಿಟಕಿ ಬೆನ್ನಿಗೆ ಇರಬಾರದು.

ಫೋನನ್ನು ಅಡ್ಡಲಾಗಿ, ಕೂತವರ ಕಣ್ಣಿನ ಎತ್ತರಕ್ಕೆ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಸ್ಟೂಲಿನ ಮೇಲೆ ಪುಸ್ತಕಗಳ ಕಟ್ಟು ಸಾಕು. ಕೈಯಲ್ಲಂತೂ ಹಿಡಿಯಬೇಡಿ, ಕೈ ಸೋಲುತ್ತದೆ, ನಿಮ್ಮ ಕಣ್ಣೂ ಪರದೆಯ ಮೇಲೇ ಇರುತ್ತದೆ. ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಬೀಗ ಹಾಕಿದಂತೆ ನಿಲ್ಲುತ್ತವೆ.

ಕೇಳುವ ಕೆಲಸ

ತಂತ್ರದ ಮಾತು ಇಷ್ಟೇ. ಉಳಿದದ್ದು ನಮ್ಮ ಕೆಲಸ. ಮೊದಲು ಒಪ್ಪಿಗೆ ಕೇಳಿ. ವಿಡಿಯೊ ಯಾರು ನೋಡುತ್ತಾರೆ, ಮನೆಯವರು ಮಾತ್ರವೋ ಊರೆಲ್ಲವೋ, ಮೊದಲೇ ಹೇಳಿ. ಆಸ್ತಿ ಜಗಳ, ಸೊಸೆಯ ಮೇಲಿನ ಮುನಿಸು ಬಂದಾಗ ‘ಇದು ಬೇಡ’ ಎಂದರೆ ಆ ಭಾಗ ಅಳಿಸಬೇಕು. ಗುಟ್ಟಾಗಿ ಹಿಡಿಯುವುದು ಸಲ್ಲದು.

‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ಯಾರಿಗೂ ಹೇಳಲು ಬರುವುದಿಲ್ಲ. ಕೈಗೆ ಸಿಗುವ ವಸ್ತುವಿನ ಬಗ್ಗೆ ಕೇಳಿ. ಇಲ್ಲಿಗೆ ಬಂದಾಗ ಮೊದಲ ಮನೆಯ ಬಾಡಿಗೆ ಎಷ್ಟಿತ್ತು? ಎಷ್ಟು ಕೋಣೆ? ನೀರು ಎಲ್ಲಿಂದ? ತಮಿಳು ಯಾರು ಕಲಿಸಿದರು? ಊರಿಗೆ ಹೋಗುವ ರೈಲಿಗೆ ಏನು ಕಟ್ಟಿಕೊಂಡು ಹೋಗುತ್ತಿದ್ದಿರಿ? ಹಳೆಯ ಫೋಟೊ ಅಥವಾ ಕಂಚಿನ ಪಾತ್ರೆಯೊಂದನ್ನು ಕೈಗೆ ಕೊಟ್ಟರೆ ಅರ್ಧ ಗಂಟೆ ತಾನಾಗಿ ಹೋಗುತ್ತದೆ. ಮಾತು ನಿಂತಾಗ ತಕ್ಷಣ ಮುಂದಿನ ಪ್ರಶ್ನೆ ಹಾಕಬೇಡಿ. ಹತ್ತು ಸೆಕೆಂಡು ಸುಮ್ಮನಿದ್ದರೆ ಹಲವು ಸಲ ಅವರೇ ಮುಂದುವರಿಸುತ್ತಾರೆ. ಇಸವಿ ತಪ್ಪಿದರೆ, ಮಾತಿನಲ್ಲಿ ತಮಿಳು ಬಂದರೆ ತಿದ್ದಬೇಡಿ. ಆಯಾಸ ಕಂಡರೆ ಒಂದೂವರೆ ಗಂಟೆಗೆ ಮುಗಿಸಿ. ಇನ್ನೊಂದು ಭಾನುವಾರ ಇದೆ.

ಆಮೇಲೆ

ಅದೇ ದಿನ ಫೈಲುಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ. ವಾಟ್ಸ್ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಹಿಂಡಿ ಹಿಪ್ಪೆ ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ 2 ಜಿಬಿವರೆಗೆ ಇದ್ದ ಹಾಗೇ ಹೋಗುತ್ತದೆ. ಗೂಗಲ್ ಖಾತೆಯ ಉಚಿತ 15 ಜಿಬಿ ಮಿಂಚಂಚೆ, ಫೋಟೊ ಎಲ್ಲಕ್ಕೂ ಸೇರಿದ್ದು, ಬೇಗ ತುಂಬುತ್ತದೆ. ಯೂಟ್ಯೂಬಿನಲ್ಲಿ ಫೋನ್ ನಂಬರ್ ದೃಢಪಡಿಸದ ಖಾತೆಗೆ 15 ನಿಮಿಷದ ಮಿತಿ. ದೃಢಪಡಿಸಿದರೆ 12 ಗಂಟೆಯ ವಿಡಿಯೊವರೆಗೂ ಹಾಕಬಹುದು. ‘ಅನ್‌ಲಿಸ್ಟೆಡ್’ ಎಂದರೆ ಕೊಂಡಿ ಇದ್ದವರೆಲ್ಲ ನೋಡಬಹುದು, ‘ಪ್ರೈವೇಟ್’ ಎಂದರೆ ನೀವು ಕರೆದವರು ಮಾತ್ರ. ಏನೇ ಮಾಡಿ, ಮೂಲ ಫೈಲಿನ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಅಣ್ಣನ ಮನೆಯಲ್ಲೋ ಕ್ಲೌಡಿನಲ್ಲೋ. 2015ರ ಡಿಸೆಂಬರಿನ ನೆರೆ ಕಂಡ ಊರಿನವರಿಗೆ ಈ ಮೂರನೆಯ ಪ್ರತಿಯ ಬೆಲೆ ವಿವರಿಸಬೇಕಿಲ್ಲ.

ಕೊನೆಯ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಾಲ್ಕು ಗಂಟೆಯ ವಿಡಿಯೊವನ್ನು ಯಾರೂ ಪೂರ್ತಿ ನೋಡುವುದಿಲ್ಲ. ಆದ್ದರಿಂದ ಒಮ್ಮೆ ಕೂತು ಕೇಳಿ, ಒಂದು ಹಾಳೆಯಲ್ಲಿ ನಿಮಿಷದ ಗುರುತು ಹಾಕಿ. ನಮ್ಮ ಅಜ್ಜಿಯ ವಿಡಿಯೊಗೆ ಮೊಮ್ಮಗಳು ಮಾಡಿದ ಪಟ್ಟಿಯಲ್ಲಿ ‘37 – ಅಡಿಪಂಪು’, ‘44 – ಹಲಸಿನಹಣ್ಣು, ಏಳು ಮನೆ’, ‘58 – ಅತ್ತೆಯ ಸಾರಿನಪುಡಿ ಅಳತೆ’ ಎಂದೆಲ್ಲ ಇದೆ. ಅವಳು ಶಾಲೆಯಲ್ಲಿ ಕನ್ನಡ ಓದಿದವಳಲ್ಲ. ಪಟ್ಟಿಯನ್ನು ಮೊದಲು ತಮಿಳು ಲಿಪಿಯಲ್ಲಿ ಬರೆದಳು. ಆದರೆ ಊರಿನ ಹೆಸರುಗಳು ಕೂರಲಿಲ್ಲ. ಕುಂದಾಪುರದ ‘ದ’ಕ್ಕೂ ‘ತ’ಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ. ಈಗ ಅಜ್ಜಿಯ ಹತ್ತಿರವೇ ಅಕ್ಷರ ಕಲಿಯುತ್ತಿದ್ದಾಳೆ, ಪಟ್ಟಿಯನ್ನು ಕನ್ನಡದಲ್ಲಿ ಮತ್ತೆ ಬರೆಯಲು.